ನಾಟಕದ ರಿವಾಲ್ವರ್ ಸಿಕ್ಕಿಹಾಕಿಕೊಂಡರೆ: ಬೆಣೆ, ಚಿಲಕ, ಕುದುರೆ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಮುಂಬೈಯ ಮಾಟುಂಗದಲ್ಲಿ ನಮ್ಮ ನಾಟಕ ತಂಡದ ರಿಹರ್ಸಲ್ ನಡೆಯುತ್ತಿತ್ತು. ಜುಲೈ ತಿಂಗಳು, ಹೊರಗೆ ಜಡಿಮಳೆ. 1857ರ ಹಲಗಲಿ ಬೇಡರ ದಂಗೆಯ ಮೇಲಿನ ನಾಟಕ. ಇಂಗ್ಲಿಷ್ ಅಧಿಕಾರಿಯ ಪಾತ್ರದ ಹುಡುಗ ಸೊಂಟದಿಂದ ರಿವಾಲ್ವರ್ ತೆಗೆದು ಅದರ ಕುದುರೆ, ಅಂದರೆ ಹಿಂದುಗಡೆ ಇರುವ ಬಡಿಯುವ ಹ್ಯಾಮರ್, ಎಳೆದ. ಅದು ಅರ್ಧಕ್ಕೆ ನಿಂತಿತು. ಟ್ರಿಗರ್ ಒತ್ತಿದ, ಬಿಡಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಅಷ್ಟರಲ್ಲಿ ಯಾರೋ ಪಕ್ಕಡ್ ತಂದು ಸಿಲಿಂಡರನ್ನು (ಗುಂಡು ಕೂರುವ ತಿರುಗುವ ಉರುಳೆ) ಹಿಡಿದು ತಿರುಗಿಸಿಯೇಬಿಟ್ಟರು. ನಾನು ಓಡಿ ಹೋಗಿ ತಡೆಯುವ ಹೊತ್ತಿಗೆ ಸಿಲಿಂಡರಿನ ಮೈಮೇಲೆ ಪಕ್ಕಡ್ ಹಲ್ಲಿನ ಎರಡು ಸಾಲು ಮೂಡಿತ್ತು. ಆ ಗುರುತು ಇವತ್ತಿಗೂ ಇದೆ.

ರಾತ್ರಿ ಮನೆಯಲ್ಲಿ ಬಿಚ್ಚಿ ನೋಡಿದೆ. ಒಳಗೆ ಏನೂ ಮುರಿದಿರಲಿಲ್ಲ. ಹಳೆಯ ಎಣ್ಣೆಗೆ ಮೇಕಪ್ ಪೌಡರ್ ಸೇರಿ ಅಂಟಿನ ಹಾಗೆ ಗಟ್ಟಿಯಾಗಿತ್ತು, ಅಷ್ಟೇ. ಹಳೇ ಟೂತ್‌ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ, ಹತ್ತು ನಿಮಿಷದ ಕೆಲಸ. ಇಂಥ ರಿವಾಲ್ವರ್‌ಗಳ ವಿಷಯದಲ್ಲಿ ನಾನು ಕಂಡುಕೊಂಡದ್ದು ಇದೇ: ಹಾಳಾಗುವುದು ತೊಂದರೆಯಿಂದ ಕಡಿಮೆ, ಬಲ ಹಾಕಿ ಸರಿಮಾಡಲು ಹೋದದ್ದರಿಂದ ಜಾಸ್ತಿ. ಯಾವ ಭಾಗ ತಪ್ಪುತ್ತಿದೆ ಅಂತ ಖಚಿತವಾಗುವ ತನಕ ಅರ ಮುಟ್ಟಬೇಡಿ. ಉಜ್ಜಿ ತೆಗೆದ ಲೋಹ ವಾಪಸ್ ಬರುವುದಿಲ್ಲ.

ಮೊದಲು ಕಾನೂನಿನ ಮಾತು

ಇಲ್ಲಿ ಬರೆದಿರುವುದು ಗುಂಡು ಹಾರಿಸಲಾಗದ, ಪ್ರದರ್ಶನಕ್ಕೆಂದೇ ಮಾಡಿದ ಪ್ರತಿಕೃತಿಗಳ ಬಗ್ಗೆ. ನಳಿಗೆ ಒಳಗೆ ಮುಚ್ಚಿರುತ್ತದೆ, ಕುದುರೆ ಸಿಲಿಂಡರ್ ಮಾತ್ರ ಆಡುತ್ತವೆ. ಕಪ್ಪು ಮದ್ದು ತುಂಬಿ ನಿಜವಾಗಿ ಹಾರಿಸಬಹುದಾದ ಪ್ರತಿಕೃತಿಗಳೂ ಇವೆ, ಇಟಲಿಯ ಉಬೆರ್ಟಿ, ಪಿಯೆಟ್ಟಾ ಕಂಪನಿಗಳು ಮಾಡುತ್ತವೆ. ಅವು ಬಂದೂಕುಗಳೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನು ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಅಂಥದ್ದು ನಿಮ್ಮ ಕೈಗೆ ಬಂದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಕೊಡಿ. 6ನೇ ಕಲಮು ಇನ್ನೂ ಮುಖ್ಯ: ಲೈಸೆನ್ಸ್ ಇಲ್ಲದೆ ನಕಲಿ ಬಂದೂಕನ್ನು ಅಸಲಿಯಾಗಿ ಮಾರ್ಪಡಿಸುವುದು ಅಪರಾಧ. ಆದ್ದರಿಂದ ಮುಚ್ಚಿದ ನಳಿಗೆಗೆ, ಸಿಲಿಂಡರಿನ ತೂತುಗಳಿಗೆ ಡ್ರಿಲ್ ತಾಗಿಸುವ ಪ್ರಶ್ನೆಯೇ ಇಲ್ಲ.

ಪ್ರದರ್ಶನದ್ದೇ ಆದರೂ ಕೈಗೆತ್ತಿಕೊಂಡ ಕೂಡಲೇ ಸಿಲಿಂಡರಿನ ಆರೂ ಕೋಣೆಗಳನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ರೂಢಿ. ನೀವೂ ಹಾಗೇ ಮಾಡಿ. ಯಾರ ಕಡೆಗೂ ಗುರಿ ಹಿಡಿಯಬೇಡಿ.

ಒಳಗೆ ಏನು ನಡೆಯುತ್ತದೆ

ನಮ್ಮ ತಂಡದಲ್ಲಿರುವುದು 1851ರ ಕೋಲ್ಟ್ ನೇವಿ ಮಾದರಿ. ಮೂಲದ್ದು .36 ಅಳತೆಯ ಆರು ಗುಂಡಿನದು, ಎಂಟು ಮೂಲೆಯ ನಳಿಗೆ ಏಳೂವರೆ ಇಂಚು ಉದ್ದ. ಸಿಲಿಂಡರಿನ ಮೇಲೆ ಹಡಗುಗಳ ಚಿತ್ರ ಕೊರೆದಿರುತ್ತಾರೆ. ಅದು 1843ರಲ್ಲಿ ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾಪಡೆಗಳ ನಡುವೆ ನಡೆದ ಕಾಂಪೆಚೆ ಕದನ. 1853ರಿಂದ ಕೆಲವು ವರ್ಷ ಲಂಡನ್ನಿನಲ್ಲೂ ಈ ರಿವಾಲ್ವರ್ ತಯಾರಾಗುತ್ತಿತ್ತು. ಇಂಗ್ಲಿಷ್ ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಂಡು ಹಿಂದೂಸ್ತಾನಕ್ಕೆ ತರುತ್ತಿದ್ದರು. ಹಾಗಾಗಿ ನಮ್ಮ ನಾಟಕದ ಕಾಲಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಮಲೆನಾಡಿನ ಕಡೆಯವರಿಗೆ ಇದರ ತತ್ವ ಹೊಸದಲ್ಲ. ನಮ್ಮ ಅಜ್ಜನ ಹತ್ತಿರ ಇದ್ದ ಕೇಪಿನ ಕೋವಿಯದ್ದೇ ತತ್ವ. ಕುದುರೆ ಬಂದು ಕೇಪಿನ (ಬಡಿದರೆ ಕಿಡಿ ಹಾರುವ ಪುಟ್ಟ ಟೊಪ್ಪಿ) ಮೇಲೆ ಬಡಿಯಬೇಕು. ಕುದುರೆಯನ್ನು ಮುಂಬೈಯಲ್ಲಿ ಘೋಡಾ ಅಂತಾರೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕುದುರೆ ಎಳೆದಾಗ ಸಿಲಿಂಡರ್ ಒಂದು ಮನೆ ಮುಂದಕ್ಕೆ ಹೋಗಬೇಕು. ಆ ಒಂದು ಮನೆ ಅಂದರೆ 60 ಡಿಗ್ರಿ. ತೊಂದರೆ ಎಲ್ಲ ಇರುವುದು ಈ 60 ಡಿಗ್ರಿಯಲ್ಲಿ.

ಕುದುರೆಗೆ ಒಂದು ಚಿಕ್ಕ ಉದ್ದನೆಯ ಪಟ್ಟಿ ಜೋಡಿಸಿರುತ್ತದೆ, ಹ್ಯಾಂಡ್ ಅಂತಾರೆ. ಅದಕ್ಕೆ ಹಿಂದಿನಿಂದ ಒಂದು ಪುಟ್ಟ ಸ್ಪ್ರಿಂಗು. ಕುದುರೆ ಹಿಂದಕ್ಕೆ ಬಂದ ಹಾಗೆ ಹ್ಯಾಂಡ್ ಮೇಲಕ್ಕೆ ಹೋಗಿ ಸಿಲಿಂಡರಿನ ಬೆನ್ನ ಮೇಲಿರುವ ಹಲ್ಲನ್ನು ತಳ್ಳುತ್ತದೆ. ಸಿಲಿಂಡರಿನ ಹೊರಮೈಯಲ್ಲಿ ಆರು ಕಚ್ಚುಗಳಿವೆ. ಕೆಳಗಿನಿಂದ ಒಂದು ಚಿಲಕ ಎದ್ದು ಆ ಕಚ್ಚಿನಲ್ಲಿ ಕೂರುತ್ತದೆ. ಬಾಗಿಲ ಚಿಲಕದ್ದೇ ಕೆಲಸ. ಕುದುರೆ ಅಲುಗಲು ಶುರುವಾದ ಕೂಡಲೇ ಅದರ ಪಕ್ಕದಲ್ಲಿರುವ ಉಬ್ಬು ಚಿಲಕದ ಕಾಲನ್ನು ಎತ್ತುತ್ತದೆ, ಚಿಲಕದ ತಲೆ ಕೆಳಗಿಳಿಯುತ್ತದೆ, ಸಿಲಿಂಡರ್ ಬಿಡುಗಡೆಯಾಗುತ್ತದೆ. ಪೂರ್ತಿ ಎಳೆಯುವ ಮುಂಚೆಯೇ ಆ ಕಾಲು ಉಬ್ಬಿನಿಂದ ಜಾರುತ್ತದೆ. ಚಿಲಕ ಟಕ್ಕಂತ ಮೇಲೆ ಬಂದು ಮುಂದಿನ ಕಚ್ಚಿಗೆ ಕಾಯುತ್ತದೆ. ಚಿಲಕ ಕಚ್ಚಿನಲ್ಲಿ ಕೂರುವುದು, ಕುದುರೆ ಪೂರ್ತಿ ಎಳೆತದಲ್ಲಿ ನಿಲ್ಲುವುದು, ಎರಡೂ ಒಂದೇ ಹೊತ್ತಿಗೆ ಆಗಬೇಕು. ಒಂದು ಮುಂಚೆ ಆಗಿ ಇನ್ನೊಂದು ತಡವಾದರೆ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ.

ಇನ್ನೊಂದು ಮಾತು. ಅರ್ಧ ಎಳೆತದಲ್ಲಿ ಟ್ರಿಗರ್ ಒತ್ತಿದರೆ ಕುದುರೆ ಬೀಳಬಾರದು. ಕುದುರೆಯಲ್ಲಿ ಟ್ರಿಗರಿನ ತುದಿ ಕೂರುವ ಕಚ್ಚು ಅಲ್ಲಿ ಆಳವಾಗಿರುವುದು ಅದಕ್ಕೇ. ನಮ್ಮ ಹುಡುಗ ಅದು ಕೆಟ್ಟಿದೆ ಅಂದುಕೊಂಡು ಬಲ ಹಾಕಿದ. ಹಾಗೆ ಒತ್ತಿದರೆ ಟ್ರಿಗರಿನ ತುದಿ ಮುರಿಯುತ್ತದೆ. ನಟರಿಗೆ ರಿವಾಲ್ವರ್ ಕೊಡುವ ಮುಂಚೆ ಇದನ್ನು ಹೇಳಿಕೊಡಿ.

ಸಾಮಾನು

ಮುಂಬೈಯಲ್ಲಿ ಇದಕ್ಕೆ ನಾಗದೇವಿ ಸ್ಟ್ರೀಟ್ ಬಿಟ್ಟರೆ ಬೇರೆ ಜಾಗ ಹುಡುಕಬೇಕಾಗಿಲ್ಲ. ಮುಖ್ಯವಾಗಿ ಬೇಕಾದದ್ದು ತಿರುಪಿನ ಸೀಳಿಗೆ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರ್. ಮನೆಯ ಸ್ಕ್ರೂಡ್ರೈವರಿನ ಬಾಯಿ ತುದಿಗೆ ಹೋಗುತ್ತಾ ತೆಳ್ಳಗಾಗುತ್ತದೆ, ಹಾಗಾಗಿ ಸೀಳಿನಿಂದ ಮೇಲಕ್ಕೆ ಜಾರಿ ತಿರುಪಿನ ತಲೆ ಕೆಡಿಸುತ್ತದೆ. ನಾನು ಸ್ವಲ್ಪ ದಪ್ಪದ ಒಂದನ್ನು ಕೊಂಡು, ಎರಡೂ ಕಡೆ ಒಂದೇ ದಪ್ಪ ಬರುವ ಹಾಗೆ ಸಾಣೆ ಹಿಡಿಸಿಕೊಂಡೆ. ಅಂಗಡಿಯ ಮಾಮಾ ತಿರುಪನ್ನೇ ತೆಗೆದುಕೊಂಡು ಬಾ ಅಂದರು, ಕೂರಿಸಿ ನೋಡಿ ಕೊಟ್ಟರು.

ಉಳಿದದ್ದು: ನೈಲಾನ್ ಸುತ್ತಿಗೆ, ಒಂದು ತೇಗದ ತುಂಡು, ಟೂತ್‌ಬ್ರಷ್, ಟೂತ್‌ಪಿಕ್, ಡಬ್ಲ್ಯುಡಿ-40 (ತುಕ್ಕು ಬಿಡಿಸುವ ಸ್ಪ್ರೇ), ಹೊಲಿಗೆ ಮೆಷಿನ್ ಎಣ್ಣೆ, ಸ್ವಲ್ಪ ಗ್ರೀಸ್, ಕಪ್ಪು ಮಾರ್ಕರ್, 1000 ನಂಬರಿನ ಪಾಲಿಶ್ ಪೇಪರ್. ಜೊತೆಗೆ ಒಂದು ಇಡ್ಲಿ ತಟ್ಟೆ. ಬಿಚ್ಚಿದ ತಿರುಪುಗಳನ್ನು ಒಂದೊಂದು ಗುಳಿಯಲ್ಲಿ ಒಂದೊಂದರಂತೆ ಇಟ್ಟು, ಪಕ್ಕದಲ್ಲಿ ನಂಬರ್ ಬರೆದ ಚೀಟಿ ಅಂಟಿಸಿ. ತಿರುಪುಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ. ಉದ್ದನೆಯದನ್ನು ಗಿಡ್ಡ ಜಾಗಕ್ಕೆ ಹಾಕಿದರೆ ಒಳಗಿನ ಭಾಗಕ್ಕೆ ಒತ್ತಿಕೊಂಡು ಹೊಸ ತೊಂದರೆ ಶುರುವಾಗುತ್ತದೆ.

ಬಿಚ್ಚುವ ಮುಂಚೆ: ಆರು ನಂಬರಿನ ಪರೀಕ್ಷೆ

ಇದು ಈ ಬರಹದ ಜೀವಾಳ. ಇದನ್ನು ಬಿಡಬೇಡಿ.

ಮಾರ್ಕರಿನಿಂದ ಆರೂ ಕೋಣೆಗಳ ಪಕ್ಕ 1ರಿಂದ 6ರ ತನಕ ನಂಬರ್ ಹಾಕಿ. ಕುದುರೆಯನ್ನು ಆದಷ್ಟು ನಿಧಾನವಾಗಿ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳನ್ನು ಸಿಲಿಂಡರಿಗೆ ಮೆತ್ತಗೆ ತಾಗಿಸಿ ಹಿಡಿಯಿರಿ, ತಾನಾಗಿ ಉರುಳದಿರಲಿ. ಕುದುರೆ ನಿಂತ ಮೇಲೆ ಸಿಲಿಂಡರನ್ನು ಆಚೆ ಈಚೆ ಅಲುಗಿಸಿ ನೋಡಿ. ಬಿಗಿಯಾಗಿ ಕೂತಿದ್ದರೆ ಕಾಗದದಲ್ಲಿ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ಆಮೇಲೆ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದೇ ಮೆಲ್ಲಗೆ ಇಳಿಸಿ. ಆರಕ್ಕೂ ಹೀಗೆ ಮಾಡಿ. ಮತ್ತೆ ಆರು ಸಲ ಬೇಗ ಎಳೆದು ನೋಡಿ.

ಈಗ ಕಾಗದ ನೋಡಿ. ಆರರಲ್ಲೂ ಸಿಲಿಂಡರ್ ಕಚ್ಚಿನ ತನಕ ಬರದೆ ಹಿಂದೆಯೇ ನಿಂತಿದ್ದರೆ ತಪ್ಪು ಹ್ಯಾಂಡಿನದು ಅಥವಾ ಅದರ ಸ್ಪ್ರಿಂಗಿನದು. ಎಲ್ಲೋ ಒಂದೆರಡರಲ್ಲಿ ಮಾತ್ರ ತಪ್ಪಿದರೆ ಹ್ಯಾಂಡ್ ಸರಿಯಾಗಿದೆ, ಆ ಮನೆಯ ಹಲ್ಲೋ ಕಚ್ಚೋ ಹಾಳಾಗಿದೆ. ನಿಧಾನಕ್ಕೆ ಎಳೆದರೆ ಸರಿ, ಬೇಗ ಎಳೆದರೆ ಸಿಲಿಂಡರ್ ದಾಟಿ ಹೋಗುತ್ತದೆ ಅಂದರೆ ಚಿಲಕಕ್ಕೆ ಬಲ ಸಾಲುತ್ತಿಲ್ಲ. ಚಿಲಕ ಕೂತೇಬಿಟ್ಟಿತು, ಆದರೆ ಕುದುರೆ ಇನ್ನೂ ಪೂರ್ತಿ ಬಂದಿಲ್ಲ ಅಂದರೆ ಹ್ಯಾಂಡ್ ಉದ್ದವಾಯಿತು. ಕುದುರೆ ಅಲುಗುವುದೇ ಇಲ್ಲ ಅಂದರೆ ತಪ್ಪು ನಳಿಗೆಯನ್ನು ಹಿಡಿದಿಡುವ ಬೆಣೆಯದು ಅಥವಾ ಚಿಲಕದ್ದು.

ಸಿಲಿಂಡರಿನ ಸುತ್ತ ಬಳೆಯ ಹಾಗೆ ಒಂದು ಗೀರು ಬಿದ್ದಿದೆಯೇ ನೋಡಿ. ಚಿಲಕ ಬೇಗ ಎದ್ದು ಮೈಗೆ ಉಜ್ಜುತ್ತಿದೆ ಅಂತ ಅದು ಹೇಳುತ್ತದೆ. ನಾಟಕದ ಸಾಮಾನಿಗೆ ಅದರಿಂದ ಏನೂ ತೊಂದರೆ ಇಲ್ಲ.

ಬೆಣೆ ಮತ್ತು ನಳಿಗೆ

ಈ ಮಾದರಿಯಲ್ಲಿ ಸಿಲಿಂಡರಿನ ಮೇಲೆ ಅಡ್ಡಪಟ್ಟಿ ಇಲ್ಲ. ನಡುವೆ ಒಂದು ಅಚ್ಚು, ಆ ಅಚ್ಚಿನ ಮೇಲೆ ಸಿಲಿಂಡರ್, ಮುಂದೆ ನಳಿಗೆ. ನಳಿಗೆಯನ್ನು ಹಿಡಿದಿಟ್ಟಿರುವುದು ಅಡ್ಡಡ್ಡಲಾಗಿ ಹೊಕ್ಕ ಒಂದೇ ಒಂದು ಬೆಣೆ. ನೇಗಿಲಿಗೆ ಹೊಡೆಯುವ ಬೆಣೆಯ ಹಾಗೆಯೇ, ಸಡಿಲವಾದರೂ ಕಷ್ಟ, ಜಾಸ್ತಿ ಹೊಕ್ಕರೂ ಕಷ್ಟ.

ಸಿಲಿಂಡರ್ ತಿರುಗುತ್ತಿಲ್ಲವಾದರೆ ಮೊದಲು ಬೆಣೆಯನ್ನು ಕೂದಲೆಳೆಯಷ್ಟು ಸಡಿಲಿಸಿ ನೋಡಿ. ಬಲಗಡೆಯಿಂದ ಎಡಗಡೆಗೆ ಹೊಡೆಯಬೇಕು. ತೇಗದ ತುಂಡು ಇಟ್ಟು ಅದರ ಮೇಲೆ ನೈಲಾನ್ ಸುತ್ತಿಗೆಯಿಂದ ತಟ್ಟಿ. ಎಡಗಡೆ ಇರುವ ತಿರುಪಿನ ತಲೆ ಬೆಣೆಯನ್ನು ಪೂರ್ತಿ ಬೀಳದಂತೆ ತಡೆಯುತ್ತದೆ, ಅದನ್ನು ದಾಟಿಸಲು ಹೋಗಬೇಡಿ. ಸಡಿಲಿಸಿದ ಕೂಡಲೇ ಸಿಲಿಂಡರ್ ಸಲೀಸಾಗಿ ತಿರುಗಿತೇ? ಹಾಗಾದರೆ ಒಳಗಿನ ಯಂತ್ರ ಬಿಚ್ಚುವ ಕೆಲಸವೇ ಇಲ್ಲ. ಬೆಣೆ ಆಳಕ್ಕೆ ಹೋಗಿ ನಳಿಗೆ ಸಿಲಿಂಡರಿಗೆ ಒತ್ತಿಕೊಂಡಿತ್ತು. ಎರಡರ ನಡುವೆ ಒಂದು ಸಾಧಾರಣ ಕಾಗದ ಜಾರುವಷ್ಟು ಸಂದು, ಅಂದರೆ 0.1 ಮಿಲಿಮೀಟರಿನಷ್ಟು, ಇದ್ದರೆ ಸಾಕು. ಆ ಆಳಕ್ಕೆ ಬೆಣೆಯ ಮೇಲೆ ಪೆನ್ಸಿಲ್ ಗೆರೆ ಹಾಕಿಡಿ. ಮುಂದಿನ ಸಲ ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಪದೇ ಪದೇ ಹೀಗಾದರೆ ಅಚ್ಚು ಗಿಡ್ಡ ಇರಬಹುದು. ನೋಡುವ ಬಗೆ ಹೀಗೆ. ನಳಿಗೆ, ಸಿಲಿಂಡರ್ ಎರಡನ್ನೂ ತೆಗೆಯಿರಿ. ಸಿಲಿಂಡರ್ ಇಲ್ಲದೆ ನಳಿಗೆಯನ್ನು ಮಾತ್ರ ಅಚ್ಚಿಗೆ ಪೂರ್ತಿ ತಳ್ಳಿ, ಓರೆಯಾಗಿ ತಿರುಗಿಸಿ ಹಿಡಿಯಿರಿ. ನಳಿಗೆಯ ಕೆಳತುದಿ ಫ್ರೇಮಿನ (ರಿವಾಲ್ವರಿನ ಮೈಚೌಕಟ್ಟು) ಮುಖಕ್ಕೆ ಸರಿಸಮ ನಿಲ್ಲಬೇಕು. ಅದನ್ನು ದಾಟಿ ಪಕ್ಕಕ್ಕೆ ಇಳಿದರೆ, ಎಷ್ಟು ದಾಟಿತೋ ಅಷ್ಟು ಅಚ್ಚು ಗಿಡ್ಡ. ಅಷ್ಟೇ ದಪ್ಪದ ಹಿತ್ತಾಳೆ ವಾಷರನ್ನು ನಳಿಗೆಯ ತೂತಿನ ತಳದಲ್ಲಿ ಕೂರಿಸಿ. ನಾನು ಕೂರಿಸಿ ಮೂರು ವರ್ಷವಾಯಿತು, ಬೆಣೆ ಆ ಗೆರೆ ಬಿಟ್ಟು ಕದಲಿಲ್ಲ.

ಬೆಣೆ ತೆಗೆದರೂ ನಳಿಗೆ ಬರದಿದ್ದರೆ ಎಳೆದಾಡಬೇಡಿ. ಕುದುರೆಯನ್ನು ಅರ್ಧ ಎಳೆತದಲ್ಲಿಡಿ. ನಳಿಗೆಯ ಕೆಳಗಿನ ಲಿವರಿನ ಕೋಲು ಎರಡು ಕೋಣೆಗಳ ನಡುವಿನ ಗೋಡೆಗೆ ತಾಗುವಂತೆ ಸಿಲಿಂಡರ್ ತಿರುಗಿಸಿ. ಲಿವರನ್ನು ಕೆಳಕ್ಕೆ ಒತ್ತಿ. ನಳಿಗೆ ತಾನೇ ಮುಂದಕ್ಕೆ ಸರಿಯುತ್ತದೆ. ಕೆಳಗೆ ಫ್ರೇಮಿನಲ್ಲಿ ಎರಡು ಪುಟ್ಟ ಗೂಟಗಳಿವೆ. ಅವು ಕೂರುವ ತೂತುಗಳನ್ನು ಟೂತ್‌ಪಿಕ್ಕಿನಿಂದ ಕೆರೆಯಿರಿ. ಅಲ್ಲಿ ಕೊಳೆ ತುಂಬಿದರೆ ನಳಿಗೆ ಓರೆಯಾಗಿ ಕೂರುತ್ತದೆ.

ಬಿಡದ ತಿರುಪು

ಪ್ರದರ್ಶನದ ಪ್ರತಿಕೃತಿಗಳಲ್ಲಿ ಬಹಳಷ್ಟರ ಮೈ ಸತುವಿನ ಮಿಶ್ರಲೋಹ, ತಿರುಪು ಉಕ್ಕು. ಮುಂಬೈಯ ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿದರೆ ಸತು ಬಿಳಿ ಪುಡಿಯಾಗಿ ಎದ್ದು ತಿರುಪನ್ನು ಹಿಡಿದುಕೊಳ್ಳುತ್ತದೆ. ಡಬ್ಲ್ಯುಡಿ-40 ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಸ್ಕ್ರೂಡ್ರೈವರ್ ಕೂರಿಸಿ ಅದರ ತಲೆಯ ಮೇಲೆ ಎರಡು ಏಟು ಮೆತ್ತಗೆ ತಟ್ಟಿ. ಮೊದಲು ಬಿಗಿಯುವ ಕಡೆಗೆ ಚೂರು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಬರದಿದ್ದರೆ ಇನ್ನೊಂದು ರಾತ್ರಿ. ನನಗೆ ಒಂದು ತಿರುಪು ನಾಲ್ಕನೇ ದಿನ ಬಂತು.

ಗ್ಯಾಸ್ ಬೆಂಕಿ ಹಿಡಿಯಲೇಬೇಡಿ. ಈ ಲೋಹ 380 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ಹಾಗೆ ಕರಗುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತೊಳೆಯುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ? ಇಲ್ಲಿ ಅದೂ ಬೇಡ. ಹುಣಸೆ, ನಿಂಬೆ, ವಿನಿಗರ್, ಯಾವ ಹುಳಿಯಾದರೂ ಸತುವನ್ನು ತಿನ್ನುತ್ತದೆ.

ಒಳಗಿನ ಯಂತ್ರ ಬಿಚ್ಚುವುದು

ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ನಳಿಗೆ, ಸಿಲಿಂಡರ್ ಮೊದಲೇ ಹೊರಗಿರಲಿ, ಕುದುರೆ ಕೆಳಗಿರಲಿ. ಹಿಡಿಯ ಬುಡದ ತಿರುಪು, ಕುದುರೆಯ ಹಿಂದಿನ ಎರಡು ತಿರುಪು ತೆಗೆದರೆ ಬೆನ್ನುಪಟ್ಟಿ ಮತ್ತು ಮರದ ಹಿಡಿ ಬರುತ್ತವೆ. ಈಗ ಚಪ್ಪಟೆಯಾದ ದೊಡ್ಡ ಸ್ಪ್ರಿಂಗು ಕಾಣಿಸುತ್ತದೆ. ಅದರ ತಿರುಪನ್ನು ಸಡಿಲಿಸಿ, ಸ್ಪ್ರಿಂಗಿನ ಮೇಲ್ತುದಿಯನ್ನು ಪಕ್ಕಕ್ಕೆ ಸರಿಸಿ. ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಟ್ರಿಗರ್ ಗಾರ್ಡಿನ ಮೂರು ತಿರುಪು. ಒಳಗೆ ಎರಡು ನಾಲಗೆಯ ಒಂದು ಸ್ಪ್ರಿಂಗು, ಒಂದು ನಾಲಗೆ ಟ್ರಿಗರಿಗೆ, ಇನ್ನೊಂದು ಚಿಲಕಕ್ಕೆ. ಅದನ್ನು ತೆಗೆಯಿರಿ. ಪಕ್ಕದ ಮೂರು ತಿರುಪುಗಳಲ್ಲಿ ಕೆಳಗಿನ ಎರಡು ಬಿಚ್ಚಿದರೆ ಟ್ರಿಗರ್ ಮತ್ತು ಚಿಲಕ ಕೈಗೆ ಬರುತ್ತವೆ. ಕೊನೆಗೆ ಮೇಲಿನ ತಿರುಪು ತೆಗೆದು ಕುದುರೆಯನ್ನು ಹ್ಯಾಂಡ್ ಸಮೇತ ನಿಧಾನವಾಗಿ ಹೊರತೆಗೆಯಿರಿ. ಅಗ್ಗದ ಮಾದರಿಗಳಲ್ಲಿ ಇವುಗಳಲ್ಲಿ ಒಂದೆರಡು ಭಾಗ ಇಲ್ಲದಿರಬಹುದು, ಕ್ರಮ ಅದೇ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹಾಗೇ ಒಣದಾಗಿ ಜೋಡಿಸಿ ಮತ್ತೆ ಆರು ನಂಬರಿನ ಪರೀಕ್ಷೆ ಮಾಡಿ. ಅರ್ಧಕ್ಕರ್ಧ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ. ಇನ್ನೂ ತಪ್ಪುತ್ತಿದ್ದರೆ ಮುಂದಕ್ಕೆ ಹೋಗಿ.

ಒಂದೊಂದಾಗಿ ಸರಿಮಾಡುವುದು

ಹ್ಯಾಂಡಿನ ಪುಟ್ಟ ಸ್ಪ್ರಿಂಗು ಮುರಿಯುವುದು ಬಹಳ ಸಾಮಾನ್ಯ. ಅದು ಮುರಿದರೆ ರಿವಾಲ್ವರಿನ ಮೂತಿ ಕೆಳಗೆ ಮಾಡಿ ಎಳೆದಾಗ ಒಂದು ಥರ, ಮೇಲೆ ಮಾಡಿ ಎಳೆದಾಗ ಇನ್ನೊಂದು ಥರ ಆಡುತ್ತದೆ. ಹೊಸದು ಸಿಗದಿದ್ದರೆ ತಲೆಗೆ ಹಾಕುವ ಹೇರ್‌ಪಿನ್ ಸಾಕು. ನನ್ನ ಹೆಂಡತಿಯ ಡಬ್ಬದಿಂದ ಒಂದು ಚಪ್ಪಟೆ ಪಿನ್ನು ತೆಗೆದುಕೊಂಡೆ. ಹಳೆಯ ಸ್ಪ್ರಿಂಗಿನ ಉದ್ದಕ್ಕೆ ಕತ್ತರಿಸಿ, ತುದಿಯನ್ನು ಅರದಿಂದ ತೆಳ್ಳಗೆ ಮಾಡಿ, ಹ್ಯಾಂಡಿನ ಸೀಳಿನಲ್ಲಿ ಕೂರಿಸಿ, ಸೀಳಿನ ಎರಡು ತುಟಿಗಳನ್ನು ಪಂಚಿನಿಂದ ತಟ್ಟಿ ಮುಚ್ಚಿದೆ. ಪಿನ್ನಿನ ಸಹಜ ಬಾಗು ಹೊರಗಡೆಗೆ ಇರಬೇಕು. ಇಷ್ಟು ಚಿಕ್ಕ ಕೆಲಸಕ್ಕೆ ಒಂದು ಸಂಜೆ ಹಿಡಿಯಿತು. ಆದರೆ ಮರುದಿನ ಕುದುರೆ ಎಳೆದಾಗ ಸಿಲಿಂಡರ್ ತಿರುಗಿ ಟಕ್ಕಂತ ಕೂತ ಸದ್ದು ಕೇಳಿ ಆದ ಖುಷಿ ಹೇಳತೀರದು.

ಹ್ಯಾಂಡೇ ಸವೆದು ಗಿಡ್ಡವಾಗಿದ್ದರೆ ಬದಲಿಸುವುದು ಒಳ್ಳೆಯದು. ಬದಲಿ ಇಲ್ಲದಿದ್ದರೆ ಮತ್ತು ಅದು ಉಕ್ಕಿನದಾಗಿದ್ದರೆ, ಅದರ ನಡುಭಾಗವನ್ನು ಚಪ್ಪಟೆ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚೂರು ಉದ್ದವಾಗುತ್ತದೆ. ಸತುವಿನದಾದರೆ ತಟ್ಟಬೇಡಿ, ಬಿರಿಯುತ್ತದೆ. ಹ್ಯಾಂಡ್ ಉದ್ದವಾಗಿದ್ದರೆ ತುದಿಯನ್ನು ಪಾಲಿಶ್ ಪೇಪರಿಗೆ ಮೂರು ಸಲ ಉಜ್ಜಿ, ಜೋಡಿಸಿ, ಪರೀಕ್ಷಿಸಿ. ಮತ್ತೆ ಮೂರು ಸಲ. ಬಿಚ್ಚಿ ಜೋಡಿಸಲು ಬೇಜಾರಾಗುತ್ತದೆ, ನಿಜ. ಆದರೂ ಒಂದೇ ಸಲಕ್ಕೆ ಇಪ್ಪತ್ತು ಸಲ ಉಜ್ಜಬೇಡಿ.

ಚಿಲಕದ ತೊಂದರೆ ಎರಡು ಬಗೆ. ಮೇಲೇಳದಿದ್ದರೆ ಎರಡು ನಾಲಗೆಯ ಸ್ಪ್ರಿಂಗು ನೋಡಿ. ಮುರಿದಿರಬಹುದು, ಅಥವಾ ಜರುಗಿ ಚಿಲಕದ ಮೇಲಿನಿಂದ ಪಕ್ಕಕ್ಕೆ ಹೋಗಿರಬಹುದು. ಕೆಳಗಿಳಿಯದಿದ್ದರೆ ಚಿಲಕದ ಕಾಲು ನೋಡಿ. ಕುದುರೆಯ ಉಬ್ಬನ್ನು ಹತ್ತಿ ಜಾರುವ ಆ ತೆಳು ಕಾಲು ಬಾಗಿದ್ದರೆ ಉಬ್ಬಿಗೆ ಸಿಗುವುದಿಲ್ಲ, ಸಿಲಿಂಡರ್ ಬೀಗ ಹಾಕಿದಂತೆ ನಿಲ್ಲುತ್ತದೆ. ಸ್ವಲ್ಪವೇ ಬಾಗಿದ್ದರೆ ಕೈಬೆರಳಿನ ಒತ್ತಡದಲ್ಲಿ ನೇರ ಮಾಡಬಹುದು. ಮುರಿದಿದ್ದರೆ ಹೊಸ ಚಿಲಕವೇ ಬೇಕು. ಎರಡೂ ಸರಿಯಿದ್ದು ಚಿಲಕ ಸೋಮಾರಿಯಾಗಿದ್ದರೆ ಅದರ ತಿರುಪನ್ನು ಕಾಲು ಸುತ್ತು ಸಡಿಲಿಸಿ. ಬಿಗಿ ಜಾಸ್ತಿಯಾಗಿ ಹಿಡಿದುಕೊಂಡಿರುತ್ತದೆ.

ಒಂದೆರಡು ಮನೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಆ ಕಚ್ಚನ್ನು ಟೂತ್‌ಪಿಕ್ಕಿನಿಂದ ಕೆರೆಯಿರಿ, ಪೇಂಟೋ ಕೊಳೆಯೋ ಕೂತಿರುತ್ತದೆ. ಕೆಳಗೆ ಬಿದ್ದ ರಿವಾಲ್ವರ್ ಆದರೆ ಬೆನ್ನಿನ ಹಲ್ಲಿನ ಅಂಚು ಮಡಚಿ ಮುಳ್ಳು ಎದ್ದಿರುತ್ತದೆ. ಉಗುರು ಎಳೆದರೆ ಸಿಕ್ಕುತ್ತದೆ. ಆ ಮುಳ್ಳನ್ನಷ್ಟೇ ತೆಗೆಯಿರಿ, ಹಲ್ಲಿನ ಆಕಾರ ಮುಟ್ಟಬೇಡಿ.

ಕುದುರೆ ಪೂರ್ತಿ ಎಳೆತದಲ್ಲಿ ನಿಲ್ಲದೆ ಜಾರಿದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಟ್ರಿಗರ್ ತುದಿ ಅಥವಾ ಕುದುರೆಯ ಕಚ್ಚು ಸವೆದಿದೆ. ಭಾಗ ಬದಲಿಸಿ, ಇಲ್ಲವೇ ಆ ರಿವಾಲ್ವರನ್ನು ಸೊಂಟದಲ್ಲಿ ಇಟ್ಟುಕೊಳ್ಳುವ ಪಾತ್ರಕ್ಕೆ ಮಾತ್ರ ಕೊಡಿ.

ಜೋಡಣೆ, ಮಳೆಗಾಲ, ಪ್ರಯಾಣ

ಬಿಚ್ಚಿದ್ದಕ್ಕೆ ತಿರುಗಾ ಕ್ರಮದಲ್ಲಿ ಜೋಡಿಸಿ. ಕುದುರೆ ಹಾಕುವಾಗ ಹ್ಯಾಂಡಿನ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ಹಿಡಿದು ಸೀಳಿಗೆ ನುಗ್ಗಿಸಬೇಕು. ಅಚ್ಚಿಗೆ ತೆಳುವಾಗಿ ಗ್ರೀಸ್, ಉಳಿದ ಕಡೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ. ಎಣ್ಣೆ ಸುರಿದರೆ ಪೌಡರ್, ಧೂಳು ಎಲ್ಲ ಅಂಟಿಕೊಂಡು ಮತ್ತೆ ಮೊದಲಿನ ಕಥೆ. ತಿರುಪುಗಳ ಎಳೆಗೂ ಸ್ವಲ್ಪ ಗ್ರೀಸ್ ಸವರಿ, ಮುಂದಿನ ಸಲ ನಾಲ್ಕು ದಿನ ಕಾಯಬೇಕಾಗಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹೀರುತ್ತದೆ. ಸುಮ್ನೆ ಕುದುರೆ ಎಳೆದು ಬಿಡುತ್ತಾ ಆಡುವುದಕ್ಕೂ ಯಾರಿಗೂ ಕೊಡಬೇಡಿ. ಬರೀ ಬಡಿತಕ್ಕೆ ಕುದುರೆಯ ಮೂಗು ಚಪ್ಪಟೆಯಾಗುತ್ತದೆ.

ಸಾಗಿಸುವಾಗ ಬೀಗ ಹಾಕಿದ ಪೆಟ್ಟಿಗೆ, ಮೇಲೆ ತಂಡದ ಹೆಸರು, ಒಳಗೆ ತಂಡದ ಪತ್ರ. ಲೋಕಲ್ ರೈಲಿನಲ್ಲಿ ಒಯ್ಯುವುದಿಲ್ಲ, ಟ್ಯಾಕ್ಸಿಯಲ್ಲೇ ಹೋಗುತ್ತೇನೆ. ನೋಡುವವರಿಗೆ ಅದು ಅಸಲಿಯ ಹಾಗೇ ಕಾಣುತ್ತದೆ, ಅವರು ಹೆದರಿದರೆ ತಪ್ಪಿಲ್ಲ. ಬೀದಿ ನಾಟಕವಾದರೆ ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ತಿಳಿಸುತ್ತೇವೆ.

ಪ್ರದರ್ಶನದ ಹಿಂದಿನ ರಾತ್ರಿ ನಿಧಾನಕ್ಕೆ ಆರು ಸಲ, ಬೇಗ ಆರು ಸಲ ಎಳೆದು ನೋಡಿ. ಬೆಣೆ ಪೆನ್ಸಿಲ್ ಗೆರೆಯಲ್ಲೇ ಇದೆಯೇ ನೋಡಿ. ಹನ್ನೆರಡಕ್ಕೆ ಹನ್ನೆರಡೂ ಸರಿ ಕೂತರೆ ಮಾರ್ಕರ್ ನಂಬರುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿ.